ಬಾಗಿಲಿಲ್ಲದ ಕೋಳಿಗೂಡು

“ನಿಲ್ಲಸ್ರಿ! ಯಾರನ್ನ ಕೇಳಿ ನನ್ನ ಸೈಕಲ್ ಬಿಚ್ಚಾಕತ್ತೀರಿ?”

ಅಂಗಳದಲ್ಲಿ ಕೂತಿದ್ದವನು ತಲೆ ಎತ್ತಿದ. ಕೈಯಲ್ಲಿ ಪಾನಾ, ಕೆನ್ನೆಗೆಲ್ಲ ಗ್ರೀಸು.

“ನಿಮ್ಮವ್ವಾರು ಕೊಟ್ಟಾರ್ರಿ... ಕೋಳಿಗೂಡಿಗೆ ಗಾಲಿ ಬೇಕಲ್ರಿ.”

ನಂದಾಳಿಗೆ ಮೈ ಉರಿಯಿತು. ಗಾಲಿಯ ಗೂಡು ಬೇಕೆಂದವಳೇನೋ ಅವಳೇ. ಕಬ್ಬು ಕಡಿದ ಹೊಲದಲ್ಲಿ ಗೂಡನ್ನು ದಿನಕ್ಕೊಂದು ಕಡೆ ತಳ್ಳಿದರೆ ಕೋಳಿಗಳಿಗೆ ಹುಳ, ನೆಲಕ್ಕೆ ಗೊಬ್ಬರ. ಹಳೆಯ ಸಾಮಾನಿನಲ್ಲೇ ಮಾಡುವುದೆಂದು ಮಾತಾಗಿತ್ತು. ಪಕ್ಕದ ಮನೆಯ ಸುಂದ್ರವ್ವನ ತಮ್ಮ ಯಲ್ಲೇಶ ದಡ್ಡಿ ಎಂಬ ಊರಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಕುಲಗೋಡಕ್ಕೆ ಅಕ್ಕನ ಮನೆಗೆ ಬಂದಿದ್ದ. ಅವ್ವ ಗೂಡಿನ ಕೆಲಸಕ್ಕೆ ಅವನನ್ನೇ ಹಿಡಿದಿದ್ದಳು.

ಆದರೆ ತಾನು ದಿನಾ ತುಳಿಯುವ ಸೈಕಲ್ಲು ಹಳೆ ಸಾಮಾನೇ?!

ಮುರುಕು ಮಂಚಕ್ಕೆ ಕಿಟಕಿಯ ಜಾಲರಿ ಬೆಸೆದು ಅವನು ಮೊದಲ ಗೂಡು ಮಾಡಿದ. ಎರೆಮಣ್ಣಿನಲ್ಲಿ ಗಾಲಿ ಹೂತು ಅದು ಅಲುಗಲೇ ಇಲ್ಲ.

“ಇದು ಕೋಳಿಗೂಡೋ, ಕಿತ್ತೂರ ಕೋಟೆಯೋ?” ನಂದಾ ತಲೆ ಚಚ್ಚಿಕೊಂಡಳು.

ಮಂಚ ತೆಗೆದು ಹಳೆಯ ನೀರಿನ ಪೈಪುಗಳಲ್ಲಿ ಕಟ್ಟಿದ. ಗಾಳಿಗೆ ಗೂಡು ಮಗುಚಿ, ಕೋಳಿಗಳೆಲ್ಲ ಪಕ್ಕದ ಜೋಳದ ಹೊಲಕ್ಕೆ ನುಗ್ಗಿದವು! ಇಬ್ಬರೂ ಸಂಜೆಯವರೆಗೆ ಓಡಿದರು. ಕೈಯೆಲ್ಲ ಕುಕ್ಕಿಸಿಕೊಂಡರೂ ಅವನು ಕೊನೆಯ ಹೇಟೆಯನ್ನು ಕೂಸಿನಂತೆ ಎದೆಗವಚಿಕೊಂಡು ಬಂದ.

‘ಇಂಥವನ ಮೇಲೆ ಸಿಟ್ಟೂ ಪೂರಾ ಬರೂದಿಲ್ಲಲ್ಲ...’ ಎಂದು ನಂದಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮೂರನೆಯ ಗೂಡು ಗಾಳಿಗೂ ಮಗುಚಲಿಲ್ಲ, ತಳ್ಳಿದರೆ ಸಲೀಸಾಗಿ ಮುಂದಕ್ಕೆ ಉರುಳಿತು. ಬಾಗಿಲೊಂದೇ ಬಾಕಿ. ಮರುದಿನ ನೋಡಿದರೆ ಯಲ್ಲೇಶನೇ ಇಲ್ಲ! ಒಂದು ಮಾತೂ ಹೇಳದೆ ದಡ್ಡಿಗೆ ಹೋಗಿಬಿಟ್ಟಿದ್ದ.

ಆ ವಾರವೇ ನಿಡಸೋಸಿಯಿಂದ ಗಂಡಿನ ಕಡೆಯವರು ಬಂದು ಹೋದರು. ಯಾವ ಬಸ್ಸಿನ ಸದ್ದಾದರೂ ನಂದಾ ಹೊರಗೆ ಇಣುಕುತ್ತಿದ್ದಳು. ಕಡೆಗೆ ತಾಳಲಾರದೆ ತಾನೇ ದಡ್ಡಿಯ ಬಸ್ಸು ಹತ್ತಿದಳು.

“ಬಾಗಲಾ ಹಚ್ಚದ ಓಡಿ ಬರೂದೇನ್ರಿ? ಕೋಳಿ ಅಡಗಿಮನ್ಯಾಗ ಮಲಗಾಕತ್ತಾವ! ಹಿಟ್ಟಿನ ಡಬ್ಬ್ಯಾಗ ತತ್ತಿ ಇಟ್ಟಾವ!”

ದಡ್ಡಿಯ ಅಂಗಡಿಯಲ್ಲಿದ್ದ ಯಲ್ಲೇಶ ತಬ್ಬಿಬ್ಬಾದ.

“ಗಂಡಿನವರು ಬರಾಕತ್ತಾರ, ನಿಮ್ಮ ಲಗ್ನ ಗಟ್ಟಿ ಆದಂಗ ಅಂತ ಅಕ್ಕ ಹೇಳಿದ್ಲು... ನೋಡಿಕೋತ ಅಲ್ಲಿ ಹೆಂಗ ಇರ್ಲಿ?”

“ನೋಡಾಕ ಬಂದಿದ್ರು ಅಷ್ಟ! ‘ಕೋಳಿ ಎಲ್ಲಾ ಮಾರಿ ಬಾ’ ಅಂದ ಆ ಗಂಡು. ಚಾ ಕುಡದು ಹೋಗ್ರಿ ಅಂದೆ.”

“ಹಂಗಾದ್ರ...?”

“ಹಂಗಾದ್ರ ಏನು? ಮುಂದ ಹೇಳ್ರಿ!”

“ನಾ... ಅಂದ್ರ... ನೀವು ಬೈದಾಗಿಂದ...”

“ಅಯ್ಯೋ ಶಿವನ! ಇದನ್ನೂ ಅರ್ಧಕ್ಕ ಬಿಡ್ತೀರೇನು?” ಬೈಯುತ್ತಲೇ ಅವಳ ಕಣ್ಣು ತುಂಬಿ ಬಂದವು.

ಆ ಕಣ್ಣೀರು ಕಂಡು ಅವನ ನಾಲಗೆ ಸಡಿಲವಾಯಿತು.

“ನೀವಂದ್ರ ನನಗ ಜೀವಾರಿ, ನಂದಾ. ಬೈಸಿಕೊಳ್ಳಾಕಾದ್ರೂ ನಿಮ್ಮ ಬಾಜೂನ ಇರಬೇಕು ಅನಸ್ತೈತಿ.”

ನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮವ್ವಾರು ಎಲ್ಲದಾರ?”

“ಮನ್ಯಾಗ... ಯಾಕ್ರಿ?”

“ನೀವು ಹೇಳೂದ್ರಾಗ ನಾ ಮುದುಕಿ ಆಗತೇನಿ. ಅವರನ್ನ ನಾನಽ ಕೇಳತೇನಿ.”

ಯಲ್ಲೇಶ ನಗುತ್ತ ಅಂಗಡಿಯ ಹಿಂದಿದ್ದ ಮನೆಯ ಕದ ತೆರೆದ.

“ಬರ್ರಿ...”

“ಇನ್ನೂ ಬರ್ರಿ ಅಂತೀಯಲ್ಲೋ ಮಾರಾಯಾ!”

ಅವನು ಮೆಲ್ಲಗೆ ಕೈ ಚಾಚಿದ.

“ಬಾ, ನಂದಾ.”