ಶನಿವಾರ ಆರುವ ದೀಪ

ಶನಿವಾರ ಸಂಜೆ ಜೀಪಿನ ಹೆಡ್‌ಲೈಟು ಮತ್ತೆ ಸತ್ತಿತ್ತು. ಇಂಡಿಕೇಟರೂ ಉಸಿರೆತ್ತಲಿಲ್ಲ. ಅರಸೀಕೆರೆಯಲ್ಲಿ ರೈಲಿಳಿದವರನ್ನು ಕರೆತರಬೇಕಿದ್ದ ಗಾಡಿ ಹಳೇಬೀಡು ಬಿಟ್ಟು ಕದಲಲಿಲ್ಲ. ಮಾಲೀಕ ಹನುಮಂತಯ್ಯ ಡ್ರೈವರ್ ಮಧುಕುಮಾರನ ಕೈಯಿಂದ ಕೀ ಕಿತ್ತುಕೊಂಡು, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ: "ಬೇಕಂತ್ಲೇ ಕೆಡಿಸ್ತಾನೆ, ಕಳ್ ನನ್ಮಗ!"

ಮಾರನೆಯ ಬೆಳಿಗ್ಗೆ ಹನುಮಂತಯ್ಯ ಮಧುವನ್ನೂ ಕರೆದುಕೊಂಡು ಜೀಪನ್ನು ಬಸ್ತಿಹಳ್ಳಿ ರಸ್ತೆಯ ಕರಿಯಯ್ಯನ ಶೆಡ್ಡಿಗೆ ತಂದ. ವೈರಿಂಗ್ ಕೆಲಸದಲ್ಲೇ ತಲೆ ನರೆತಿದ್ದ ಕರಿಯಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ತಾನು ಹಾಕಿದ ಸ್ವಿಚ್ಚು ಎರಡು ತಿಂಗಳೊಳಗೆ ಕೆಟ್ಟಿತೆಂದರೆ ಅವನಿಗೆ ಕಪಾಳಕ್ಕೆ ಹೊಡೆದ ಹಾಗೆ.

"ಯಾರ ಮ್ಯಾಲೆ ಅನುಮಾನ?"

"ಇನ್ಯಾರು? ಇವನೇ. ಮನೇಲಿ ಎಳೇ ಮಗು ಐತೆ. ಲೈಟಿಲ್ಲ ಅಂದ್ರೆ ಸಂಜೆ ಟ್ರಿಪ್ಪು ತಪ್ಪಿಸ್ಬೋದಲ್ಲ!"

ಮಧು ತಲೆ ಎತ್ತಲಿಲ್ಲ. "ನಾನು ಮುಟ್ಟಿಲ್ಲ ಕಣಣ್ಣ. ಕಳ್ಳ ಅನ್ನಿಸ್ಕಂಡ ಮ್ಯಾಲೆ ಈ ತಾಲ್ಲೂಕಲ್ಲಿ ನಂಗ್ಯಾರು ಗಾಡಿ ಕೊಡ್ತಾರೆ?"

"ಮೂತಿ ಸರಿ ಮಾಡ್ಕೊಳ್ಲಾ. ಸ್ಕ್ರೂಡ್ರೈವರ್ ಕೊಡು."

ಹೆಡ್‌ಲೈಟಿಗೂ ಇಂಡಿಕೇಟರಿಗೂ ಸ್ಟೀರಿಂಗ್ ಕೆಳಗೆ ಒಂದೇ ಸ್ವಿಚ್ಚು. ಕರಿಯಯ್ಯ ಅಲ್ಲಿಗೆ ಕೈ ತೂರಿಸಿದವನೇ ಚೀರಿ ಹಿಂದೆಗೆದ.

"ಥೂ! ಇರುವೆ! ಏನ್ಲಾ, ಬನ್ನು ತಿಂತಾ ಓಡಿಸ್ತೀಯ?"

"ಇಲ್ಲಣ್ಣ. ಸೀಟ್ ಮ್ಯಾಲೆ ಒಂದಾದ್ರೂ ಇರುವೆ ಐತಾ ನೋಡು."

ಇರಲಿಲ್ಲ. ಕರಿಯಯ್ಯ ಬೆರಳು ಉಜ್ಜಿಕೊಳ್ಳುತ್ತಾ ಕೇಳಿದ:

"ಸ್ಟ್ಯಾಂಡಲ್ಲಿ ಇನ್ನೊಂದು ಜೀಪು ಇಟ್ಟಿರೋ ಗಿಡ್ಡಯ್ಯಂಗೂ ನಿಮಗೂ ಆಗಲ್ವಲ್ಲ ಹನುಮಂತಯ್ಯ?"

"ರಾತ್ರಿ ಗಾಡಿ ನಮ್ಮ ಕೊಟ್ಟಿಗೇಲಿರ್ತದೆ. ಬೀಗದ ಕೈ ನನ್ನ ಉಡುದಾರದಲ್ಲಿ. ಗಿಡ್ಡಯ್ಯ ಎಲ್ಲಿಂದ ಬತ್ತಾನೆ?"

"ಇದಕ್ಕೆ ಮುಂಚೆ ಯಾವತ್ತು ಆರಿತ್ತು?"

"ಹೋದ ಶನಿವಾರ. ತಟ್ಟಿದ್ರೆ ಹತ್ಕೊಳ್ತು."

"ಅದ್ರ ಹಿಂದೆ?"

"ಅದೂ ಶನಿವಾರವೇ," ಎಂದ ಮಧು.

ಕರಿಯಯ್ಯ ಸ್ವಿಚ್ಚು ಬಿಚ್ಚಿದ. ವೈರು ಒಂದೂ ಕತ್ತರಿಸಿಲ್ಲ. ಸ್ಕ್ರೂ ತಲೆಯಲ್ಲಿ ಗೀರಿಲ್ಲ. ಆದರೆ ಒಳಗೆ ಕರೆಂಟು ದಾಟಿಸುವ ತಾಮ್ರದ ಮೊನೆಗಳು ಹಸಿರುಗಟ್ಟಿ, ಅವುಗಳ ನಡುವೆ ಕಂದು ಅಂಟು. ಕರಿಯಯ್ಯ ಮೂಸಿದ. ಹುಳಿ ವಾಸನೆ! ಸ್ಟೀರಿಂಗ್ ಮೇಲಿನ ಕುಂಕುಮದ ಬೊಟ್ಟನ್ನೊಮ್ಮೆ ನೋಡಿದ. ಹನುಮಂತಯ್ಯನ ಕಡೆ ತಿರುಗಿದ.

"ಶುಕ್ರವಾರ ಏನ್ಮಾಡ್ತೀರಿ?"

"ರಾತ್ರಿ ಗಾಡಿ ಕೊಟ್ಟಿಗೆಗೆ ಬಂದ್ಮೇಲೆ ಪೂಜೆ. ನಮ್ಮ ತೋಟದ್ದೇ ಕಾಯಿ ಒಡೀತೀನಿ."

"ಕಾಯಿ ನೀರು?"

ಹನುಮಂತಯ್ಯ ತಡವರಿಸಿದ. "ಸ್ಟೀರಿಂಗ್ ಮ್ಯಾಲೆ ಎರೀತೀನಿ, ಗಾಡಿ ತಂಪಾಗಿರ್ಲಿ ಅಂತ. ನಮ್ಮಪ್ಪ ಎತ್ತಿನ ಕೊಂಬಿಗೆ ಹಂಗೇ ಎರೀತಿದ್ದ. ಲೈಟು ಆರೋಕೆ ಶುರುವಾದ್ಮೇಲೆ, ದೃಷ್ಟಿ ತಾಗೈತೆ ಅಂತ ಇನ್ನೂ ಒಂದು ಕಾಯಿ ಜಾಸ್ತಿ..."

"ಕೊಂಬಿಗೆ ಕರೆಂಟ್ ಇರ್ತದೇನ್ರೀ?" ಕರಿಯಯ್ಯ ಗುಡುಗಿದ. "ಆ ನೀರು ಸ್ವಿಚ್ಚಿಗಿಳೀತದೆ. ರಾತ್ರಿ ಒಣಗಿ ಅಂಟಾಯ್ತದೆ. ಸಿಹಿಗೆ ಇರುವೆ ಬತ್ತದೆ. ಶನಿವಾರ ಸಂಜೆ ಲೈಟು ಹಾಕಿದ್ರೆ ಮೊನೆಗೆ ಮೊನೆ ಮುಟ್ಟಲ್ಲ. ಇರುವೆ ನನ್ನ ಕಚ್ಚಿದಾಗ್ಲೇ ಹೊಳೀಬೇಕಿತ್ತು. ಕೊಟ್ಟಿಗೆ ಬೀಗ ನಿಮ್ದು, ಕಾಯಿ ನಿಮ್ದು, ಕೈ ನಿಮ್ದು. ಗಾಡಿ ಕೆಡಿಸಿದೋರು ನೀವೇ ಕಣ್ರೀ!"

ಮಧು ನಗು ತಡೆಯಲು ಬಾಯಿಗೆ ಟವಲ್ ಒತ್ತಿಕೊಂಡ.

ಕರಿಯಯ್ಯ ಮೊನೆಗಳನ್ನು ಪೆಟ್ರೋಲಿನಲ್ಲಿ ತೊಳೆದು, ನುಣುಪು ಮರಳು ಕಾಗದದಿಂದ ಉಜ್ಜಿ, ಮತ್ತೆ ಕೂರಿಸಿದ. ಶೆಡ್ಡಿನ ಕತ್ತಲ ಗೋಡೆಯ ಮೇಲೆ ಎರಡು ಬಿಳಿ ವೃತ್ತ ಮೂಡಿದವು. ಇಂಡಿಕೇಟರು ಟಿಕ್ ಟಿಕ್ ಎಂದಿತು.

"ಸ್ಟ್ಯಾಂಡಲ್ಲಿ ಕೂಗಿ ಕಳ್ಳ ಅಂದ್ರಂತೆ?"

"ಅಂದೆ."

"ಇದನ್ನೂ ಅಲ್ಲೇ ಕೂಗಿ ಹೇಳಿ."

ಹನುಮಂತಯ್ಯ ಕೀಯನ್ನು ಮಧುವಿನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ. "ನಡಿಯೋ. ಸ್ಟ್ಯಾಂಡಿಗೇ ಬಿಡು. ಕೂಗ್ತೀನಿ." ಹತ್ತಿ ಕೂತವನು ಮತ್ತೆ ತಲೆ ಹೊರಹಾಕಿದ. "ಅಲ್ಲ ಕರಿಯಯ್ಯ, ಗಾಡಿಗೆ ಬಾಯಾರಿದ್ರೆ?"

"ರೇಡಿಯೇಟರ್‌ಗೆ ನೀರು ಹುಯ್ಯಿರಿ! ಈ ಗಾಡೀಲಿ ಬಾಯಾರೋದು ಅದೊಂದಕ್ಕೇ."

ಮಧು ಹಾಡುಹಗಲಲ್ಲೇ ಹೆಡ್‌ಲೈಟು ಉರಿಸಿಕೊಂಡು, ಇಂಡಿಕೇಟರು ಹಾಕಿ, ಸ್ಟ್ಯಾಂಡಿನ ಕಡೆ ತಿರುಗಿಸಿದ.