ಉಕ್ಕದ ಹಾಲು

ಬೀದರಿನವರಾದ ನಮಗೆ ತುಮಕೂರು ಪರ ಊರೇ. ಮದುವೆಯಾದ ಮೇಲೆ ನಮ್ಮ ಮೊದಲ ಮನೆ ಅಂದರೆ ಉಪ್ಪಾರಹಳ್ಳಿಯ ಆ ಬಾಡಿಗೆ ಮಹಡಿ. ಬೆಳಿಗ್ಗೆ ಒಂಬತ್ತಕ್ಕೆ ಹಾಲು ಉಕ್ಕಿಸಲು ಒಲೆ ಹಚ್ಚಿದೆವು. ಅರ್ಧ ಗಂಟೆಯಾದರೂ ಉಕ್ಕಲಿಲ್ಲ.

"ರೀ, ಪಾತ್ರೆ ಮುಟ್ಟಿ ನೋಡ್ರಿ, ತಣ್ಣಗದ," ಎಂದಳು ಹೆಂಡತಿ ಶಿವಲೀಲಾ.

ಉರಿ ಜೋರಾಗಿಯೇ ಇತ್ತು. ಮುಟ್ಟಿದರೆ, ಆಗಷ್ಟೇ ಬಾವಿಯಿಂದ ಸೇದಿದ ಕೊಡದ ಹಾಗಿತ್ತು. ಹತ್ತಿರದಲ್ಲೇ ಯಾರೋ ಬಿಕ್ಕಿದ ಸದ್ದಾಯಿತು. ನಾನು ಶಿವಲೀಲಾ ಎಂದುಕೊಂಡೆ, ಅವಳು ನಾನೆಂದುಕೊಂಡಳಂತೆ.

ಕೆಳಮನೆಯಲ್ಲಿದ್ದ ಓನರ್ ಬಸವಲಿಂಗಮ್ಮ ಮೆಟ್ಟಿಲು ಹತ್ತಿ ಬಂದರು. ಒಲೆಯ ಕಡೆ ನೋಡಲೇ ಇಲ್ಲ. ಅಡುಗೆಮನೆಯ ಖಾಲಿ ಮೂಲೆಗೆ ತಿರುಗಿ ಮೆಲ್ಲಗೆ, "ಅನುಪಮಾ, ಇವ್ರೂ ಬಾಳ್ಲಿ ಬುಡವ್ವ," ಎಂದರು. ಹಾಲು ಭುಸ್ಸನೆ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

ಅನುಪಮಾ ಯಾರೆಂದು ಕೇಳಿದೆ.

"ನನ್ ಮಗ್ಳು. ಕುಣಿಗಲ್‌ಗೆ ಕೊಟ್ಟಿದೀವಿ. ಚೆನ್ನಾಗವ್ಳೆ."

ಅದು ನಿಜವೇ. ಮುಂದಿನ ಭಾನುವಾರ ಗಂಡ, ಮಕ್ಕಳೊಂದಿಗೆ ಅನುಪಮಾ ತವರಿಗೆ ಬಂದರು. ನಮ್ಮನ್ನು ಮಾತಾಡಿಸಲು ಒಬ್ಬರೇ ಮೇಲೆ ಬಂದವರು ಶಿವಲೀಲಾ ಎಷ್ಟು ಕರೆದರೂ ಹೊಸ್ತಿಲು ದಾಟಲಿಲ್ಲ. ಅಡುಗೆಮನೆಯ ಆ ಖಾಲಿ ಮೂಲೆಯ ಕಡೆಗೇ ನೋಡುತ್ತ ನಿಂತಿದ್ದು, ಕೊನೆಗೆ ಪಿಸುಗುಟ್ಟಿದರು:

"ನಾನ್ ಬಂದಿದ್ದೆ ಅಂತ ಅವ್ಳಿಗೆ ಹೇಳ್ಬೇಡಿ."