ನಲವತ್ತೊಂದನೆಯ ತಲೆ

ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಮೇಷ್ಟ್ರ ಹೆಂಡತಿ ಜಾರಿ ಬಿದ್ದಳು. ನೀರಲ್ಲ — ರಕ್ತ!

ಮೇಷ್ಟ್ರು ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದರು. ಕತ್ತು ಈ ಕಿವಿಯಿಂದ ಆ ಕಿವಿಯವರೆಗೆ ಸೀಳಿತ್ತು. ಬಲಗೈಯಲ್ಲಿ ಕಾಗದ ಕತ್ತರಿಸುವ ಚಾಕು. ಎಡಗೈ ಕೆಳಗೆ, ಅರ್ಧ ರಕ್ತದಲ್ಲಿ ನೆನೆದ ಬೆರಳಗಲದ ಕಾಗದದ ಪಟ್ಟಿ. ಅದರ ಮೇಲೆ ಅವರದೇ ಕೈಬರಹ:

'ಈ ಮನೆಯಲ್ಲಿ ಇನ್ನೊಂದು ದಿನವೂ ಇರಲಾರದೆ, ಎಲ್ಲರಿಗೂ ಕೈಮುಗಿದು'

ಅಷ್ಟೇ. ವಾಕ್ಯ ಮುಗಿದಿರಲಿಲ್ಲ.

ಅರ್ಧ ಗಂಟೆಯಲ್ಲಿ ಇನ್ಸ್‌ಪೆಕ್ಟರಮ್ಮ ಪೇದೆಯೊಂದಿಗೆ ಬಂದಳು. ಹೆಣ ಕಂಡರೆ ಆಕೆಗೆ ಹೆದರಿಕೆಯಿರಲಿಲ್ಲ. ಹೆಣದ ಪಕ್ಕ ನಿಂತು ಬುದ್ಧಿ ಹೇಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಇಲ್ಲಿ ಆ ಕೆಲಸಕ್ಕೆ ಮೇಷ್ಟ್ರ ಭಾವಮೈದ ಸಿದ್ಧನಾಗಿ ನಿಂತಿದ್ದ.

"ಇದರಲ್ಲಿ ಕೇಳೋದೇನಿದೆ ಮೇಡಂ? ಬರೀತಾ ಬರೀತಾನೇ ಭಾವ ಕತ್ತು ಕೊಯ್ಕೊಂಡಿದಾರೆ."

"ಒಂದೇ ಕೈಯಲ್ಲಿ ಪೆನ್ನು, ಚಾಕು ಎರಡೂ ಹಿಡ್ಕೊಂಡಾ? ಪೆನ್ನು ನೋಡು, ಮುಚ್ಚಳ ಹಾಕಿ ಜೇಬಲ್ಲಿದೆ."

ಭಾವಮೈದ ಬಾಗಿಲ ಕಡೆ ಸರಿದ.

ಹೆಂಡತಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಣೆಯೊಡೆದು ರಕ್ತ ಬರುತ್ತಿತ್ತು. "ಬೆಳಿಗ್ಗೆ ಜಗಳ ಆಡಿದ್ದೆ ಮೇಡಂ. 'ಎಲ್ಲಾದರೂ ಹಾಳಾಗಿ ಹೋಗಿ' ಅಂದುಬಿಟ್ಟೆ. ನಾನೇ ಕೊಂದೆ! ನಾನೇ!"

ಇನ್ಸ್‌ಪೆಕ್ಟರಮ್ಮ ಅವಳನ್ನು ಗೋಡೆಯಿಂದ ಈಚೆಗೆ ಎಳೆದಳು. ಸತ್ಯ ಹೊರಬರದಿದ್ದರೆ ಈ ಹೆಂಗಸು ಇದೊಂದೇ ಮಾತು ಹೇಳಿಕೊಂಡು ದಿನಾ ಸಾಯುತ್ತಾಳೆ. ಇನ್ಸ್‌ಪೆಕ್ಟರಮ್ಮ ಮೇಷ್ಟ್ರ ಎಡಗೈ ತಿರುಗಿಸಿ ನೋಡಿದಳು. ಅಂಗೈಯಲ್ಲಿ ಅಡ್ಡಡ್ಡ ಎರಡು ಆಳವಾದ ಸೀಳು — ಬರುತ್ತಿದ್ದ ಚಾಕುವನ್ನು ಹಿಡಿದು ತಡೆದ ಕೈ!

"ಅಮ್ಮ, ಅಳು ಆಮೇಲೆ. ಮೇಷ್ಟ್ರು ಏನು ಬರೀತಿದ್ದರು?"

"ಮಕ್ಕಳ ಅಭ್ಯಾಸ ಪುಸ್ತಕ. ಯಾವುದು ಪೂರ್ಣ ವಾಕ್ಯ, ಯಾವುದು ಬರೀ ತುಣುಕು ಅಂತ ಗುರುತಿಸೋದು. ಹನ್ನೊಂದು ವರ್ಷದಿಂದ ಅದೇ ಕೆಲಸ."

"ಆ ತುಣುಕುಗಳನ್ನ ಹೇಗೆ ಬರೀತಿದ್ದರು?"

"ಬರೀತಾನೇ ಇರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಬರೆದರೆ ಸುಳ್ಳು ಸುಳ್ಳಾಗಿ ಕಾಣುತ್ತೆ ಅನ್ನೋರು. ಪೂರ್ತಿ ಬರೆದು, ಹಿಂದೆ ನಂಬರು ಹಾಕಿ, ಕತ್ತರೀಲಿ ಎರಡು ಮಾಡೋರು. ತಲೆ ಪ್ರೆಸ್ಸಿಗೆ ಹೋಗುತ್ತೆ. ಬಾಲ ಈ ಡಬ್ಬೀಲಿ — ಕೊನೇಲಿ ಉತ್ತರದ ಪುಟಕ್ಕೆ."

"ತಲೆಗಳೆಲ್ಲ ಈಗೆಲ್ಲಿ?"

"ಮೊನ್ನೇನೇ ಪ್ರೆಸ್ ಯಜಮಾನರು ಬಂದು ಅರವತ್ತನ್ನೂ ಒಯ್ದರು."

ಇನ್ಸ್‌ಪೆಕ್ಟರಮ್ಮ ರಕ್ತದ ಪಟ್ಟಿಯನ್ನು ಮಗುಚಿದಳು. ಡಬ್ಬಿ ತೆರೆದು ಹುಡುಕಿದಳು. ಒಂದು ಚೂರನ್ನು ಎತ್ತಿ ಜೇಬಿಗೆ ಹಾಕಿಕೊಂಡು, "ನಡಿ, ಪ್ರೆಸ್ಸಿಗೆ," ಎಂದಳು ಪೇದೆಗೆ.

ಪ್ರೆಸ್ಸಿನಲ್ಲಿ ಮಷೀನು ಗಡಗಡ ಸದ್ದು ಮಾಡುತ್ತಿತ್ತು. ಯಜಮಾನ ಕಣ್ಣೊರೆಸಿಕೊಂಡ. "ದೇವರಂಥ ಮನುಷ್ಯ ಮೇಡಂ. ಇಂಥ ಕೆಲಸ ಮಾಡ್ಕೊಳ್ತಾರೆ ಅಂತ ಯಾರು ಎಣಿಸಿದ್ದರು?"

"ಇವತ್ತು ಅವರ ಮನೆಗೆ ಹೋಗಿದ್ರಾ?"

"ಮೊನ್ನೆ ಹೋಗಿದ್ದು. ಆಮೇಲೆ ಆ ಕಡೆ ಸುಳಿದೇ ಇಲ್ಲ."

"ಪಟ್ಟಿಗಳ ಲಕೋಟೆ?"

"ಬೀರುವಿನಲ್ಲಿ ಭದ್ರವಾಗಿದೆ. ಬೀಗದ ಕೈ ನನ್ನ ಹತ್ತಿರಾನೇ ಇರುತ್ತೆ. ಕೆಲಸದವರನ್ನ ನಂಬೋಕಾಗುತ್ತಾ?"

ಪೇದೆ ಬೀರು ತೆಗೆಸಿ ಲಕೋಟೆಯ ಪಟ್ಟಿಗಳನ್ನು ಎಣಿಸಿದ. ಎರಡನೆಯ ಸಲವೂ ಎಣಿಸಿದ. "ಐವತ್ತೊಂಬತ್ತೇ ಇವೆ ಮೇಡಂ. ನಲವತ್ತೊಂದು ಇಲ್ಲ."

ಲಕೋಟೆಯ ಕೆಳಗೆ ಪುಸ್ತಕದ ಹೊದಿಕೆಯ ಕರಡು ಸಿಕ್ಕಿತು. ಲೇಖಕರ ಜಾಗದಲ್ಲಿ ಮೇಷ್ಟ್ರ ಹೆಸರಿರಲಿಲ್ಲ. ಯಜಮಾನನದೇ ಇತ್ತು!

"ಅಚ್ಚಿನ ತಪ್ಪು ಇರಬೇಕು..." ಯಜಮಾನ ತೊದಲಿದ.

"ಮೇಷ್ಟ್ರಿಗೂ ಹೀಗೇ ಹೇಳಿದ್ರಾ? ಅವರು ಒಪ್ಪಲಿಲ್ಲ, ಅಲ್ವಾ?" ಇನ್ಸ್‌ಪೆಕ್ಟರಮ್ಮ ರಕ್ತದ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಡಬ್ಬಿಯ ಚೂರನ್ನು ಪಕ್ಕಕ್ಕೆ ಸರಿಸಿದಳು. ಕತ್ತರಿಯ ಸೊಟ್ಟ ಅಂಚು ಅಂಚಿಗೆ ಕಚ್ಚಿ ಕೂತಿತು. ಎರಡರ ಹಿಂದೆಯೂ ನಲವತ್ತೊಂದು. "ಪೂರ್ತಿ ಓದು," ಎಂದಳು ಪೇದೆಗೆ.

"'ಈ ಮನೆಯಲ್ಲಿ ಇನ್ನೊಂದು ದಿನವೂ ಇರಲಾರದೆ, ಎಲ್ಲರಿಗೂ ಕೈಮುಗಿದು ಜಿರಳೆ ಪಕ್ಕದ ಮನೆಗೆ ಗಂಟುಮೂಟೆ ಕಟ್ಟಿತು.'" ಪೇದೆಗೆ ನಗು ತಡೆಯಲಾಗಲಿಲ್ಲ.

"ಸಾಯೋನು ಬರೆದ ಚೀಟಿ ಅಲ್ಲ ಇದು. ಮಕ್ಕಳಿಗೆ ಬರೆದ ತಮಾಷೆ. ತುಣುಕನ್ನ ಮೇಷ್ಟ್ರು ತುಣುಕಾಗೇ ಬರೀತಾರೆ ಅಂದ್ಕೊಂಡ್ರಿ ನೀವು. ಬಾಲಗಳು ಮನೇಲಿರೋದು ನಿಮಗೆ ಗೊತ್ತೇ ಇರಲಿಲ್ಲ. ಮೊನ್ನೆ ಮನೆ ಬಿಟ್ಟ ತಲೆ ಇವತ್ತು ಹೆಣದ ಕೈ ಕೆಳಗೆ ಹೇಗೆ ಬಂತು? ಬೀಗದ ಕೈ ಯಾರ ಹತ್ತಿರ ಇತ್ತೋ ಅವರು ತಂದರು. ಅರವತ್ತರಲ್ಲಿ ಬೇಕಾದ್ದನ್ನ ಆರಿಸಿ, ಜೇಬಲ್ಲಿಟ್ಕೊಂಡೇ ಹೋದಿರಿ. ಕೊಂದೋರು ನೀವೇ!"

ಯಜಮಾನ ಕಾಗದ ಒತ್ತುವ ಕಬ್ಬಿಣದ ಗಟ್ಟಿ ಎತ್ತಿ ಬೀಸಿದ. ಇನ್ಸ್‌ಪೆಕ್ಟರಮ್ಮನ ಹೆಗಲ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ತಲೆಗೆ ಬೀಳುವುದರಲ್ಲಿತ್ತು — ಪೇದೆ ಲಾಠಿಯಿಂದ ಅವನ ಮೊಣಕೈಗೆ ಬಿಗಿದ. ಗಟ್ಟಿ ಅವನ ಪಾದದ ಮೇಲೇ ಬಿದ್ದು ಬೆರಳುಗಳು ಜಜ್ಜಿಹೋದವು. ನೆಲದಲ್ಲಿ ಹೊರಳುತ್ತಲೇ ಅವನು ಬೊಬ್ಬೆಯಿಟ್ಟ: "ಅಚ್ಚು ಹಾಕಿದೋನು ನಾನು! ಹೆಸರು ಮಾತ್ರ ಅವನದಾ?"

ಸಂಜೆ ಇನ್ಸ್‌ಪೆಕ್ಟರಮ್ಮ ಕತ್ತಿನಿಂದ ಇಳಿಬಿಟ್ಟ ಬಟ್ಟೆಯಲ್ಲಿ ಕೈ ಕಟ್ಟಿಸಿಕೊಂಡು ಮೇಷ್ಟ್ರ ಮನೆಗೆ ಹೋದಳು. ಜಿರಳೆಯ ವಾಕ್ಯವನ್ನು ಪೂರ್ತಿ ಹೇಳಿ, ನಡೆದದ್ದನ್ನೆಲ್ಲ ತಿಳಿಸಿದಳು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೊನೇಲಿ... ಏನಾದರೂ ಅಂದರಂತಾ ಮೇಡಂ?"

ಠಾಣೆಯಲ್ಲಿ ಯಜಮಾನ ಅದನ್ನೂ ಕಕ್ಕಿದ್ದ. ಹೇಳಬೇಕೋ ಬೇಡವೋ ಎಂದು ಆಕೆ ದಾರಿಯುದ್ದಕ್ಕೂ ಯೋಚಿಸಿದ್ದಳು.

"'ನನ್ನವಳು ಬರೋ ಹೊತ್ತಾಯ್ತು, ಅವಳ ಕಣ್ಣಿಗೆ ಬೀಳಬೇಡ, ಹೊರಟುಹೋಗು' ಅಂದರಂತಮ್ಮ. ಚಾಕು ಹಿಡಿದೋನು ನಿಮ್ಮನ್ನೂ ಬಿಡಲ್ಲ ಅಂತ ಹೆದರಿದ್ದರು."

ಅಲ್ಲಿಯವರೆಗೆ ತನ್ನನ್ನೇ ಬೈದುಕೊಂಡು ಅಳುತ್ತಿದ್ದ ಹೆಂಗಸು, ಈಗ ಗಂಡನನ್ನು ಕರೆದು ಅತ್ತಳು.